ಬಂಬಿನ ಲೆಕ್ಕ

ಮೊದಲು ಕಟಗೀಗೆ ಬೈದೆ.
ತೊಗರಿ ಕಟಗಿ ಹಸೀ ಅದಾವ ಅಂದೆ,
ಗುಡಿಯಿಂದ ತಂದ ಕಾಯಿಚಿಪ್ಪಿಗೆ ಬೈದೆ,
ಬಚ್ಚಲದ ಕಿಟಕೀಗೆ, ಗಾಳೀಗೆ.
ಬಂಬ ಮಾತ್ರ ಮೂಲ್ಯಾಗ ನಿಂತಿತ್ತು
ತಾಮ್ರದ ಹೊಟ್ಟಿ ಹೊತ್ತು, ತಪ್ಪೇ ಮಾಡದವರಂಗ.

ಮೂರನೇ ದಿನ ಕೆದರಿದರ
ಒದ್ದಿ ಬೂದಿ. ರೊಟ್ಟಿ ಹಿಟ್ಟಿನಂಗ ಬೆರಳಿಗೆ ಅಂಟತು.
ಉರಿ ಮ್ಯಾಲೆ ಏನೋ ಚುಯ್ ಅಂತು, ಸುಮ್ಮಾತು,
ಮತ್ತ ಚುಯ್.
ಒಳಗ ಯಾರೋ ಹನಿ ಎಣಿಸಿ ಬಿಡತಿದ್ದಂಗ.

ಎಸ್ಟಿ ಡೆಪೋದಿಂದ ನಸುಕಿನ್ಯಾಗ ಬಂದ ಮನಿಯವರು
ತಣ್ಣೀರ ತಂಬಿಗಿ ಹಿಡಕೊಂಡು ಒದರಿದರು:
"ಅಕ್ಕಲಕೋಟಕ್ಕ ಬಂದ ಭಕ್ತರಿಗೆಲ್ಲಾ ಬಿಸಿನೀರು ಅದ,
ನನಗ ಒಬ್ಬಗ ಇಲ್ಲ."

ನಳದ ಅಂಗಡಿ ಹುಡುಗ ಬಂದ,
ತೋಟಿ ತಿರುವಿದ, ಎಂ-ಸೀಲ್ ಮೆತ್ತಿದ,
ನೂರಾ ಇಪ್ಪತ್ತು ತಗೊಂಡು ಹೋದ. ಎರಡು ದಿನ.
ಆಮ್ಯಾಲೆ ವೆಲ್ಡಿಂಗಿನವ. ಹಬ್ಬದ ಹೋತ ಎತ್ತಿದಂಗ ಬಂಬ ಎತ್ತಿ ನೋಡಿದ.
"ಹನ್ನೊಂದು ಕಿಲೋ ಬರತದ ಬಾಯಾರ. ಮೋಡಕಾಕ್ಕ ಹಾಕ್ರಿ,
ಆ ರೊಕ್ಕದಾಗ ಗೀಸರ್ ಬರತದ, ಮ್ಯಾಲ ಒಂದು ಫ್ಯಾನೂ."
ಆ ಫ್ಯಾನು ರಾತ್ರಿಯೆಲ್ಲಾ ನನ್ನ ತಲಿಯಾಗ ತಿರಗತು.
ಬ್ಯಾಡ ಅಂತ ಯಾಕಂದೆ, ಇನ್ನೂ ಗೊತ್ತಿಲ್ಲ.
ಕರೆಂಟಿನ ನೆಪ ಹೇಳಿದೆ.

ಕಡೀಕ ದಗಡೂ ತಾಂಬಟ, ಸೊಲ್ಲಾಪುರದ ಗಾಡಿ ಇಳದು.
ಚೀಲದಾಗ ಕಟಗಿ ಸುತ್ತಿಗಿ, ಕಿವಿ ಮ್ಯಾಲೆ ಬೀಡಿ.
ಬಂಬ ಮಲಗಿಸಿ ನಡುಗೊಳವಿಯೊಳಗ ಮೊಬೈಲಿನ ಬೆಳಕು ಬಿಟ್ಟ,
"ಖಡೂ ಆಹೇ ಕಾ?" ಅಂದ.
ಕನ್ನಡ ಶಾಲಿ ಬಾಯಿ ನಾನು, ಖಡು ಚೀಲದಾಗ ಯಾವಾಗಲೂ.
ಅವನ ಮರಾಠಿಯೊಳಗೂ ಅದು ಖಡು,
ಹೆಸರಿನ ಜಗಳ ಬೀಳಲಿಲ್ಲ.

ಕೊಳವಿಯ ಒಳಮೈಗೆಲ್ಲಾ ಬೆಳ್ಳಗ ಬಳದ,
ನಿಲ್ಲಿಸಿ ನೀರು ತುಂಬಿಸಿದ, ಬೀಡಿ ಹಚ್ಚಿ ಕುಂತ.
ನಾನೂ ಕುಂತೆ.
ಅರ್ಧ ಬೀಡಿಗೆ
ಆ ಬಿಳುಪಿನ್ಯಾಗ ಒಂದು ಕರೀ ಬಳಿ ಮೂಡತು,
ಗೊಂಬಿ ಕೈಗೆ ಹಾಕೂವಷ್ಟು ಸಣ್ಣದು.
ನಡು ಒಣಾ. ಅಂಚಷ್ಟ ಒದ್ದಿ.

"ತೂತು ಇಷ್ಟು ಗುಂಡಗ ಬೀಳಂಗಿಲ್ಲ," ಅಂದ,
ಈ ಸಲ ಕನ್ನಡದಾಗ.
ಕಾಸಿ, ಚಿಮಟದಿಂದ ಕಿತ್ತ:
ಕಾಲಾಣೆ.
ಒಂದು ಮೈಗೆ ಮೂಗು ಸವೆದ ರಾಜ,
ಇನ್ನೊಂದು ಮೈಗೆ ನಮ್ಮ ಸವಳ ನೀರಿನ ದಪ್ಪ ಪದರ.

ಯಾರು ಬೆಸಿಸಿದ್ದು, ಯಾವಾಗ?
ಅತ್ತಿ ಗುರುಬಾಯಿ ಸತ್ತು ಹತ್ತು ವರ್ಷಾತು.
ಇದ್ದಾಗ ಅನ್ನತಿದ್ದಳು,
ನನ್ನ ಕೈಯಾಗ ಜೀವಮಾನದಾಗ ಒಂದು ಕಾಸು ನಿಲ್ಲಲಿಲ್ಲವ್ವಾ ಅಂತ.
ಒಂದು ನಿಂತಿತ್ತು.
ಬೆಂಕಿ ಒಂದು ಕಡಿ, ನೀರು ಒಂದು ಕಡಿ ಇಟ್ಟುಕೊಂಡು.

ಹೊಸಾ ತಗಡು ಕೂಡಿಸಿ, ಬಡದು, ಒರಸಿ
"ಸಾಡೇಆಠಶೆ" ಅಂದ.
ಏನೇ ಮಾತಾಡಲಿ, ರೇಟು ಹೇಳಲಿಕ್ಕೆ ಅವಗ ಮರಾಠಿನ ಬೇಕು,
ಚೌಕಾಸಿಗೆ ನನಗ ಕನ್ನಡ.
"ಆರನೂರು."
"ತಾಮ್ರ ತುಟ್ಟಿ ಆಗ್ಯದ."
"ಪಗಾರ ಆಗಿಲ್ಲ."
"ತವರ ನಿಮ್ಮ ಮನೀದೇನು?"
ಏಳನೂರಕ್ಕ ಇಬ್ಬರೂ ದಣದೆವು.
ಐನೂರು ಅವನ ಮೊಮ್ಮಗಳ ಫೋನಿಗೆ ಹೋತು,
ಇನ್ನೂರು ಜೋಳದ ಡಬ್ಬಿಯಿಂದ, ಹಿಟ್ಟು ಝಾಡಿಸಿ.
ಕಾಲಾಣೆ ನನ್ನ ಅಂಗೈಯಾಗ ಇಟ್ಟ.
"ಇದು ಇನ್ನ ನಡಿಯಂಗಿಲ್ಲ.
ನಡೀಬೇಕಾದಷ್ಟು ನಡದದ."

ಮರುದಿನ ನಸುಕಿನ್ಯಾಗ ಮನಿಯವರು
ಎರಡು ಬಕೀಟು ಸುರಕೊಂಡರು, ಚಂದಾತು ಅನ್ನಲಿಲ್ಲ,
ಮೂರನೇದಕ್ಕ ಕೂಗಿದರು.
ನಾನು ಕ್ಯಾಲೆಂಡರಿನ ಬೆನ್ನಿಗೆ ಬರಕೋತ ಕುಂತಿದ್ದೆ:

ಖರ್ಚು, ಬಂಬ, ಏಳನೂರು.
ಎಂ-ಸೀಲ್, ನೂರಾ ಇಪ್ಪತ್ತು, ದಂಡ.
ಜಮಾ, ಕಾಲಾಣೆ ಒಂದು.
ಯಾರ ಹೆಸರಿಗೆ ಅಂತ ಬರೀದ ಬಿಟ್ಟೆ.
ಖಡು ಒಂದು, ಶಾಲೀದು.
ತಿರುಗಿ ಇಡಬೇಕು.