ಗುರುವಾರದ ವ್ಯಾನು

ಡಂಡೀಯಲ್ಲಿ ಡಿಸೆಂಬರಿನ ನಾಲ್ಕಕ್ಕೇ ಕತ್ತಲು.
ಏಳು ಮಕ್ಕಳನ್ನು ಮನೆಮನೆಯಿಂದ ಹತ್ತಿಸಿಕೊಂಡು
ಚರ್ಚಿನ ಹಿಂದಿನ ಕೋಣೆಗೆ ಮುಟ್ಟಿಸುವುದು,
ಎಂಟಕ್ಕೆ ಮತ್ತೆ ಅವರವರ ಬಾಗಿಲಿಗೆ;
ಇಷ್ಟೇ ನನ್ನ ಕೆಲಸ.
ಕೇಳಿಸಿಕೊಳ್ಳುವ ಕೆಲಸ ಐಲ್ಸಾಳದು. ಅದಕ್ಕೆಂದೇ ಓದಿದ್ದಾಳೆ,
ಮೆತ್ತನೆ ಕುರ್ಚಿ, ಟಿಶ್ಯೂ ಡಬ್ಬಿ ಇಟ್ಟುಕೊಂಡಿದ್ದಾಳೆ.
ನನಗೆ ಗೊತ್ತಿರುವುದು ಗೇರು, ಕ್ಲಚ್ಚು,
ಯಾವ ಇಳಿಜಾರಿನಲ್ಲಿ ಮೊದಲು ಹಿಮಗಟ್ಟುತ್ತದೆಂಬುದು.

ಕೊನೆಗೆ ಇಳಿಯುವವನು ಸ್ಟ್ರುವನ್. ಹದಿಮೂರು.
ಮನೆಯಲ್ಲಿ ತಾಯಿ. ಅವಳ ಕಾಲುಗಳು
ಒಂದು ದಿನ ಅವಳ ಮಾತು ಕೇಳುತ್ತವೆ, ಇನ್ನೊಂದು ದಿನ ಇಲ್ಲ.
ಹೇಗಿದ್ದೀಯೋ ಅಂದರೆ
"ರಾತ್ರಿ ನಿದ್ದೆ ಬಂತು, ಸೂಪು ಕುಡಿದಳು" ಅನ್ನುತ್ತಾನೆ.
ನಿನ್ನನ್ನು ಕೇಳಿದ್ದು ಮಾರಾಯ ಅಂದರೆ
ತುಸು ಹೊತ್ತು ಹುಡುಕುತ್ತಾನೆ
ಜೇಬಿನಲ್ಲಿ ಬೀಗದ ಕೈ ತಡಕುವವರ ಹಾಗೆ.
"ನಾವಾ? ನಾವು ಚೆನ್ನಾಗಿದ್ದೇವೆ."

ಮುಖ ನೋಡಿ ಆಡಲಾಗದ ಮಾತುಗಳಿರುತ್ತವೆ.
ಅವಕ್ಕೆ ವೈಪರಿನ ಸದ್ದು ಬೇಕು,
ಎದುರಿಗೆ ಯಾರದೋ ಬೆನ್ನು ಬೇಕು.
ಆ ರಾತ್ರಿ ಹಿಂದಿನ ಸೀಟಿನಿಂದ
ಕಿಟಕಿಗೆ ಹೇಳುವಂತೆ ಹೇಳಿದ:

"ಕ್ಲಾಸಿನಲ್ಲಿ ಯಾರ ಬ್ಯಾಗು ದೊಪ್ಪನೆ ಬಿದ್ದರೂ
ನಾನು ಎದ್ದು ನಿಂತಿರುತ್ತೇನೆ.
ಎಲ್ಲರೂ ನಗುತ್ತಾರೆ."

ಸ್ವಲ್ಪ ದೂರ ಹೋದ ಮೇಲೆ:
"ಮೊನ್ನೆ ಅಮ್ಮ ಕೂಗಿದಳು. ಕೇಳಿಸಿತು.
ನಾನು ಏಳಲಿಲ್ಲ.
ಮುಸುಕಿನೊಳಗೆ ನೂರರ ತನಕ ಎಣಿಸಿದೆ.
ನೂರಾದ ಮೇಲೆ ಹೋದೆ."

ಎರಡು ಸಿಗ್ನಲ್ಲು ದಾಟಿದರೂ ನನಗೆ ಬಾಯಿ ಬರಲಿಲ್ಲ.
ತಪ್ಪಲ್ಲ ಬಿಡು ಅಂದರೆ ಅದು ಸಣ್ಣದಾಗುತ್ತದೆ,
ಅಯ್ಯೋ ಪಾಪ ಅಂದರೆ ಅವನೇ ಸಣ್ಣವನಾಗುತ್ತಾನೆ.
ಅವನ ಬೀದಿಗೆ ತಿರುಗಬೇಕಾದ ವೃತ್ತದಲ್ಲಿ
ತಿರುಗದೆ
"ಇನ್ನೊಂದು ಸುತ್ತು ಹಾಕಲಾ?" ಎಂದೆ.
"ಹೂಂ."

ಸುತ್ತಿದೆವು. ಆಮೇಲೆ ಇನ್ನೊಂದು.
ಟೇ ಸೇತುವೆಯ ದೀಪಗಳು
ಎಡಕ್ಕೆ ಬಂದವು, ಹೋದವು, ಮತ್ತೆ ಬಂದವು.
ಮೂರನೆಯದಕ್ಕೆ ಬಿಕ್ಕಿದನೋ ನಕ್ಕನೋ,
ನಾನು ಕನ್ನಡಿ ನೋಡಲಿಲ್ಲ.
"ಐಲ್ಸಾಗೆ ಹೇಳಿಬಿಡ್ತೀಯಾ?"
"ನೀನೇ ಹೇಳು. ಬಾಗಿಲ ಹೊರಗೆ ನಾನು ನಿಂತಿರ್ತೇನೆ."
ಡೀಸೆಲ್ ಲೆಕ್ಕದ ಪುಸ್ತಕದಲ್ಲಿ
ದಾರಿ ತಪ್ಪಿತ್ತು ಅಂತ ಬರೆದೆ.

ಮುಂದಿನ ಗುರುವಾರ ಹೇಳಿದನೆಂದು ಕಾಣುತ್ತದೆ.
ಬಾಗಿಲು ಮುಕ್ಕಾಲು ಗಂಟೆ ತೆರೆಯಲಿಲ್ಲ.
ಹೊರಗೆ ಬಂದವನು
ಕೈಗೇ ಅಂಟಿ ಬೆಳೆದಂತಿದ್ದ ಫೋನನ್ನು
ನನ್ನ ಅಂಗೈಗಿಟ್ಟ.
"ರಿಂಗಾದರೆ ಎಬ್ಬಿಸು."
ಕೋಟುಗಳ ರಾಶಿಯ ಮೇಲೆ ಬಿದ್ದುಕೊಂಡ, ಶೂ ಕೂಡ ಬಿಚ್ಚದೆ.
ಟೇಬಲ್ ಟೆನಿಸ್ ಆಡುತ್ತಿದ್ದ ಹುಡುಗಿಯರು
ಬ್ಯಾಟು ಬದಿಗಿಟ್ಟು
ಬರಿಗೈಯಲ್ಲೇ ಚೆಂಡು ಹಿಡಿದು ಹಿಡಿದು ಆಡತೊಡಗಿದರು.

ಒಂದು ಗಂಟೆ ಹತ್ತು ನಿಮಿಷ ಮಲಗಿದ.
ನನಗೋ ಉಚ್ಚೆಗೆ ಅವಸರವಾಗಿತ್ತು.
ಎದ್ದು ಹೋಗಲಿಲ್ಲ.
ಅಷ್ಟರಲ್ಲಿ ರಿಂಗಾದರೆ?