ಹುದ್ದಾರ ಬಾಯಾರ ಮಾರುತಿ

ಸಂಕ್ರಮಣ ಮುಗದು ಮೂರನೇ ದಿನ, ವಡಗಾವಿ.
ನೀರು ಮುಟ್ಟಿದ್ರ ಬೆರಳು ಕಡದಂಗ ಆಗತೈತಿ.
ನನ್ನ ರ‍್ಯಾಂಪಿಗೆ ಬಂದು ನಿಂತದ್ದು
ಹುದ್ದಾರ ಬಾಯಾರ ಮಾರುತಿ ಎಂಟುನೂರು,
ಮೂಲಂಗಿ ಬಣ್ಣದ್ದು,
ನನ್ನ ಮಗಳಿಗಿಂತ ನಾಕು ವರ್ಷ ದೊಡ್ಡದು.

“ದಸ್ತಗೀರ, ಒಳಗ ಹೊರಗ ತೊಳಿ, ಅವಸರ ಇಲ್ಲ”
ಅಂದು ಕೀಲಿ ಕೊಟ್ಟು ಹೋದರು ಹಿರೇಬಾಯಿ.
ಅವಸರ ಇಲ್ಲ ಅನ್ನೂ ಗಿರಾಕಿ
ವರ್ಷಕ್ಕ ಒಬ್ಬರು ಸಿಗೂದಿಲ್ಲ.

ಮ್ಯಾಟ್ ಝಾಡಿಸಿದೆ. ಮರಳು.
ಸ್ಟೇರಿಂಗಿನ ಕೆಳಗ ಕರೇದು, ಹಿಂದ ಬಂಗಾರದ್ದು,
ಡಿಕ್ಕಿಯೊಳಗ ಹಿಟ್ಟಿನಂಥಾದ್ದು.
ಮೂಸಿ ನೋಡಿದೆ, ಹಿಟ್ಟೇ. ಜೋಳದ್ದು.
ಮಗ್ಗಲದಾಗ ಪಂಪ್ ಸ್ಟೋವು, ಹಂಚು, ಪರಾತ.
ಅಂದ್ರ ದಾರಿಗುಂಟ ರೊಟ್ಟಿ ಬಡಕೋತ ಹೋಗ್ಯಾರ ಇಬ್ಬರೂ,
ಮೀನು ತಿನ್ನೂ ಊರಾಗ
ಝುಣಕದ ವಾಸನಿ ಎಬ್ಬಿಸಿಕೋತ.

ಹಿಂದಿನ ಸೀಟಿನ ಮ್ಯಾಲ ಎರಡು ಸ್ವೆಟರು, ಒಂದು ಮಫ್ಲರು.
ಘಟ್ಟ ಇಳಿಯೂ ಮುಂದ ಬಿಚ್ಚಿ ಒಗದದ್ದು
ಹಂಗ ಬಿದ್ದಾವ,
ತೋಳು ಒಳಗಿಂದು ಹೊರಗ ಆಗಿ.

ಖಣದಾಗ ಚೀಟಿಗೋಳು. ಕಡೇದು ಮ್ಯಾಲ, ಮೊದಲಿಂದು ತಳಕ್ಕ.
ಗಾಡಿ ರಿವರ್ಸ್ ಹಾಕಿದಂಗ ಓದಿದೆ:
ಕೊಚ್ಚಿಯೊಳಗ ಜಂಕಾರಿನ ತಿಕೀಟು, ಒಂದು ಕಾರು, ಎರಡು ಮಂದಿ.
ಮಾಹೆದಾಗ ಫುಲ್ ಟ್ಯಾಂಕ್.
ಕಣ್ಣೂರಿನ ಲಾಡ್ಜಿನ್ಯಾಗ ಒಂದು ರಾತ್ರಿ ಅಂತ ಬರದು
ಹೊಡದು ಹಾಕಿ, ನಾಕು.
ಮಂಗಳೂರಿನ ಐಸ್‌ಕ್ರೀಮು ಎಷ್ಟು ಸಲ ಅಂತ ಎಣಿಸಲಿಲ್ಲ,
ಹಿರೇಬಾಯಿಗಿ ಸಕ್ರಿ ಐತಿ.
ಕಾರವಾರ ಮುಟ್ಟಾಕ ಎರಡು ದಿನ!
ನಮ್ಮ ಬಸ್ಸು ಐದು ತಾಸಿಗೆ ತಂದು ಒಗಿತೈತಿ.

ನಾ ಸಮುದ್ರ ನೋಡಿಲ್ಲ. ನಗಬ್ಯಾಡ್ರಿ.
ಗೋವಾ ಇಲ್ಲಿಂದ ಮೂರು ತಾಸು.
ಸೋಮವಾರಕ್ಕೊಮ್ಮೆ ಅಲ್ಲಿಂದ ಬಂದ ಗಾಡಿ ತೊಳಿತೀನಿ,
ಬೀರಿನ ಮುಚ್ಚಳ, ವಾಂತಿ, ಯಾರದೋ ಒಂದು ಕಿವಿಯೋಲಿ.
ಓಡಿ ಹೋಗಿ ಓಡಿ ಬಂದವರ ಸಮುದ್ರ ಅದು.
ಮ್ಯಾಟಿನ್ಯಾಗ ಕುಂಡ್ರೂದಿಲ್ಲ.

ಸೀಟಿನ ಕೆಳಗ ಎರಡು ಜೋಡ ಚಪ್ಪಲಿ.
ಒಂದಕ್ಕ ಉಪ್ಪಿನ ಬಿಳಿ ಗೆರಿ,
ಇನ್ನೊಂದು ನಿನ್ನೆ ಅಂಗಡಿಯಿಂದ ತಂದಂಗ.
ತಿಳಕೊಂಡೆ: ಒಬ್ಬಾಕಿ ನೀರಿಗೆ ಇಳದಾಳ,
ಒಬ್ಬಾಕಿ ಅಂಜಿ ದಂಡಿಗೆ ಕುಂತಾಳ.

ರ‍್ಯಾಂಪಿನ ಕೆಳಗ ಇಳದು ಪೈಪ್ ಹಿಡದೆ.
ಉಪ್ಪಿನ ಗಾಳಿ ಕಬ್ಬಿಣ ತಿಂತೈತಿ,
ಗಾಡಿಗೆ ಮೊದಲ ಹೊಟ್ಟಿ ತೊಳೀಬೇಕು.
ನೀರು ಮಾರಿ ಮ್ಯಾಲ ಸುರೀತು.
ಯಾರೂ ಇರಲಿಲ್ಲ, ನಾಲಿಗಿ ಚಾಚಿದೆ.
ಗ್ರೀಸಿನ ರುಚಿ.
ಅದರ ಹಿಂದ, ಒಂಚೂರು, ಬ್ಯಾರೆ.

ಸಂಜೀಕ ಇಬ್ಬರೂ ಬಂದರು, ಕಿವಿಗೆ ಸ್ಕಾರ್ಫ್ ಸುತಗೊಂಡು.
“ಒಣಾ ಚಪ್ಪಲಿ ಯಾರವು ಬಾಯಾರ?”
ಕೇಳೇಬಿಟ್ಟೆ.
“ನನ್ನವು” ಅಂದರು ಹಿರೇಬಾಯಿ,
“ಬಿಚ್ಚಿಟ್ಟು ಇಳದೆ. ಎದಿಮಟ.
ಇಕಿ ದೂರ ಕುಂತಿದ್ಲು, ಚಪ್ಪಲಿ ಕಾಲಾಗ ಇದ್ದಂಗ.
ತೆರಿ ಬಂದು ಇಕೀನ್ನ ಹುಡಿಕ್ಕೊಂಡು ಹೋತು.”
ಸಣ್ಣಬಾಯಿ ಅರವತ್ತೆರಡು ವರ್ಷದಾಕಿ
ಸೆರಗು ಬಾಯಿಗೆ ಹಿಡಕೊಂಡು ನಕ್ಕರು,
ಕಾಲು ಎತ್ತಿ ಇಟ್ಟರು, ಇಲ್ಲೂ ಬಂದೀತು ಅನ್ನೂ ಹಂಗ.

ಅವರು ಹೋದ ಮ್ಯಾಲ ನೆಲ ಬಳದೆ.
ಮರಳು ಮೋರಿಗೆ ಹೊಂಟಿತ್ತು.
ಮೋರಿ ಬಳ್ಳಾರಿ ನಾಲಾಕ್ಕ, ನಾಲಾ ಮಾರ್ಕಂಡೇಯಕ್ಕ,
ಆಮ್ಯಾಲ ಘಟಪ್ರಭಾ, ಕೃಷ್ಣಾ.
ಸಾಲ್ಯಾಗ ಇಷ್ಟ ನೆಪ್ಪುಳದದ್ದು,
ಕೃಷ್ಣಾ ಹೋಗೂದು ಆ ಕಡೆ ಸಮುದ್ರಕ್ಕ, ಮೂಡಣದ್ದಕ್ಕ.
ಹೋಗಲಿ. ಬಾಯಾರಕಿಂತ ನಿಧಾನ ಹೋಗಲಿ,
ಡ್ಯಾಮ್ ಡ್ಯಾಮಿಗೆ ವಸ್ತಿ ಮಾಡಿ.

ಗೇಟಿನಾಗ ಹಾರ್ನು. ಕಬ್ಬಿನ ಟ್ರ್ಯಾಕ್ಟರು,
ಗಾಲಿಗೆ ಮೊಣಕಾಲುಮಟ ಎರಿಮಣ್ಣು.
“ಲಗೂ ಮಾಡೋ ಮಾರಾಯಾ, ಫ್ಯಾಕ್ಟರಿ ಪಾಳಿ ಐತಿ!”

ಹಾಂ, ಬಂದೆ.