ನಕ್ಷೆ ಕೇಳಿದ ಇಂಜಿನಿಯರಮ್ಮನಿಗೆ

ಇದ್ದ ಒಂದು ನಕ್ಷೆ ಗೆದ್ದಲು ತಿಂತು ಮೇಡಂ,
ಉಳಿದಿದ್ದು ಈ ಕಬ್ಬಿಣದ ಕೀಲಿ, ಮತ್ತೆ ನಾನು.
ಮೂವತ್ತನೇ ತಾರೀಕು ಕೀಲಿ ಆಫೀಸಿಗೆ ಒಪ್ಪಿಸಬೇಕಂತೆ.
ನನ್ನನ್ನ ಎಲ್ಲಿಗೆ ಒಪ್ಪಿಸೋದು, ಆದೇಶದಲ್ಲಿ ಬರೆದಿಲ್ಲ.
ಬನ್ನಿ, ಬಿಸಿಲೇರೋ ಮುಂಚೆ ನಡೆದುಬಿಡೋಣ.

ಇಲ್ಲಿ ನಿಲ್ಲಿ. ಈ ಜೆರಾಕ್ಸ್ ಅಂಗಡಿ ಮೆಟ್ಟಿಲ ಕೆಳಗೆ
ಒಂದು ಬಾವಿ ಇದೆ, ಚಪ್ಪಡಿ ಎಳೆದು ಅರವತ್ತು ವರ್ಷ.
ಏಳು ಮನೆ, ಒಂದು ರಾಟೆ. ಆಗಿನ ಹಾಸನ ನಮ್ಮ ಪಾಲಿಗೆ ಇಷ್ಟೇ.
ಕೊಡ ಹೊತ್ತ ಹೆಂಗಸಿಗೆ ಎಲ್ಲಿ ಸೊಂಟ ನೋಯ್ತಿತ್ತೋ
ಅಲ್ಲಿಗೆ ಊರು ಮುಗೀತಿತ್ತು.

ನಮ್ಮಜ್ಜ ಜವರಯ್ಯ ಕೆರೆ ನೀರುಗಂಟಿ.
ತೂಬೆತ್ತಿದರೆ ಕೊನೇ ಗದ್ದೆಗೆ ಮೊದಲು,
ಏರಿ ಕೆಳಗಿನ ಪಟೇಲರ ಗದ್ದೆಗೆ ಆಮೇಲೆ.
ಅವನ ಮಾತು ಯಾರೂ ಮೀರ್ತಿರಲಿಲ್ಲ.
ಈ ಬಾವಿಗೆ ಮಾತ್ರ ಅವನ ಹಗ್ಗ ಇಳೀತಿರಲಿಲ್ಲ.
ಹೋಗ್ಲಿ ಬಿಡಿ, ಅದನ್ನ ನಿಮ್ಮ ಮಿಷನ್ ಬರ್ಕೊಳ್ಳಲ್ಲ.

ಬಲಕ್ಕೆ ಬನ್ನಿ. ಮೊದಲ ಪೈಪು, ಎರಡಿಂಚು,
ಸಂತೆಮಾಳಕ್ಕೆ ಅಂತ ಹಾಕಿದ್ದು.
ಕಂಬಳಿ ಮಾರೋಕೆ ಬಂದೋರು ಜಡಿಮಳೆಗೆ ಉಳ್ಕೊಂಡ್ರು,
ಅವರಿಗೆ ಮುದ್ದೆ ತಿರುವೋಕೆ ಸಣ್ಣಕ್ಕನ ಹೋಟ್ಲು,
ಹೋಟ್ಲಿಗೆ ಸೌದೆ, ಸೌದೆ ಗಾಡಿ ಅಚ್ಚು ಮುರಿದು ಆಚಾರಿ,
ಆಚಾರಿ ಮಗಳಿಗೆ ದಿನ ತುಂಬಿ ಸೂಲಗಿತ್ತಿ ಹಸೀನಾಬಿ,
ಹಸೀನಾಬಿ ತಮ್ಮನಿಗೆ ಒಂದು ಸೈಕಲ್ ಶಾಪು.
ಒಬ್ಬರ ಹಸಿವಿನ ಪಕ್ಕ ಇನ್ನೊಬ್ಬರು ಗೋಡೆ ಎಬ್ಬಿಸಿ
ಎರಡಿಂಚು ಸಾಲದೆ ಬಂತು.

ನಾಲ್ಕಿಂಚಿಗೆ ಕೋರ್ಟು, ಸಿನಿಮಾ ಟಾಕೀಸು.
ನಮ್ಮ ಕೇರಿಗೆ ಅರ್ಧ ಇಂಚು, ಅದೂ ಅರ್ಜಿ ಕೊಟ್ಟು
ಹದಿನಾಲ್ಕು ವರ್ಷದ ಮೇಲೆ.
ಆಮೇಲೆ ಎಂಟಿಂಚು. ಹೇಮಾವತಿಗೆ ಕಟ್ಟೆ ಕಟ್ಟಿದಾಗ
ಊರು ಮುಳುಗಿ ಬಂದ ಒಂದಷ್ಟು ಮಂದಿ
ಈ ಬೀದಿಲಿ ಗುಡಿಸಲು ಹಾಕ್ಕೊಂಡು
ಅದೇ ಹೊಳೆ ನೀರಿಗೆ ಕೊಡ ಹಿಡಿದು ಸಾಲು ನಿಂತ್ರು.
ನಲ್ಲಿ ತಿರುಗಿಸೋವಾಗ ಅವರ ಮುಖ ನೋಡ್ತಿರಲಿಲ್ಲ ನಾನು.

ಕೆರೆ ಎಲ್ಲಿ ಅಂದ್ರಾ?
ಅದರ ಮೇಲೇ ನಿಂತಿದೀರಿ. ಎರಡನೇ ಹಂತ, ನಾಲ್ಕನೇ ಅಡ್ಡರಸ್ತೆ.
ತೂಬಿನ ಕಲ್ಲು ಪಾರ್ಕಲ್ಲಿ ಬೆಂಚಾಗಿದೆ,
ವಾಕಿಂಗ್ ಮುಗಿಸಿ ಬಂದೋರು ಅದರ ಮೇಲೆ ಕೂತು
ನೀರು ಬರ್ತಿಲ್ಲ ಅಂತ ನನಗೇ ಫೋನ್ ಮಾಡ್ತಾರೆ.

ನಾನು ಊರು ನೋಡಿದ್ದು ಕಿವೀಲಿ ಮೇಡಂ.
ರಾತ್ರಿ ಮೂರಕ್ಕೆ ವಾಲ್ವ್ ಬಿಚ್ಚಿದರೆ ಮೊದಲು ಗಾಳಿ ಕೆಮ್ಮುತ್ತೆ,
ಮೋಟಾರು ಒಂದೊಂದೇ ಗುಂಯ್ ಅನ್ನುತ್ತೆ,
ಎಲ್ಲೋ ತಪ್ಪಲೆ ಉರುಳುತ್ತೆ, ಮಗು ಅಳುತ್ತೆ.
ಯಾವ ಬೀದಿಲಿ ಹೊಸದಾಗಿ ಎಷ್ಟು ಮನೆ
ಸಂಪು ತುಂಬೋ ಸದ್ದಲ್ಲೇ ಹೇಳ್ತಿದ್ದೆ.
ಈಗೀಗ ತಪ್ಪುತ್ತೆ.
ಅಜ್ಜನ ಥರ ಕೊನೇ ಮನೆಗೆ ಮೊದಲು ಬಿಡೋಣ ಅಂದ್ರೆ
ಬೆಳಿಗ್ಗೆ ಕೊನೆಗಿದ್ದ ಮನೆ
ಸಂಜೆಗೆ ಊರ ನಡುವೆ ಇರುತ್ತೆ.

ಇದೊಂದು ಬಾಕಿ. ಬಗ್ಗಿ ನೋಡಿ, ಹಲ್ಲಿ ಇದ್ದೀತು.
ಯಾರು ಕೂರಿಸಿದರೋ, ಎಲ್ಲಿಗೆ ಹೋಗುತ್ತೋ ಗೊತ್ತಿಲ್ಲ.
ಕಿವಿ ಇಟ್ಟರೆ ಸಣ್ಣಗೆ ಹರಿಯೋದು ಕೇಳುತ್ತೆ.
ಮೂವತ್ತೊಂದು ವರ್ಷ ಇದನ್ನ ಮುಟ್ಟಿಲ್ಲ,
ತಿರುಗಿಸಿದರೆ ಯಾರ ಮನೇಲಿ ನಿಂತುಹೋಗುತ್ತೋ.

ನಕ್ಷೇಲಿ ಒಂದು ಚುಕ್ಕೆ ಇಡಿ.
ಹೆಸರು ಬೇಡ.